ಕನ್ಫರ್ಮೇಶನ್ ಆಯಿತು, ಮುಂದೇನು?

ದೃಢೀಕರಣದ ಭಾನುವಾರ ತೆಗೆಸಿದ ಫೋಟೊ ನಮ್ಮ ಬಹಳಷ್ಟು ಕ್ರೈಸ್ತ ಮನೆಗಳ ಷೋಕೇಸಿನಲ್ಲಿರುತ್ತದೆ. ಬಿಳಿ ಉಡುಪು, ಕೈಯಲ್ಲಿ ಹೊಸ ಬೈಬಲ್, ಪಕ್ಕದಲ್ಲಿ ಬಿಷಪರು, ಹಿಂದೆ ಹಿಗ್ಗಿ ನಿಂತ ಅಜ್ಜಿ. ಅವತ್ತು ಮನೆಯಲ್ಲಿ ಬಿರಿಯಾನಿ, ಕೇಕು, ತುಂಬ ನೆಂಟರು. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಹುಡುಗ ಭಾನುವಾರ ಬೆಳಿಗ್ಗೆ ಹೊದಿಕೆ ಎಳೆದುಕೊಂಡು, "ಅಮ್ಮಾ, ಇವತ್ತು ನೀವೇ ಹೋಗಿಬನ್ನಿ" ಎನ್ನುತ್ತಾನೆ. ಅಮ್ಮನ ಎದೆ ಧಸಕ್ಕೆನ್ನುತ್ತದೆ. ಅಪ್ಪ ಗದರುತ್ತಾರೆ. ಅಯ್ಯನವರಿಗೆ ಸುದ್ದಿ ಮುಟ್ಟುತ್ತದೆ. ಯುವಜನ ಸಂಘದ ಕಾರ್ಯದರ್ಶಿ ವಾಟ್ಸಾಪಿನಲ್ಲಿ ಕೈಮುಗಿದ ಮೂರು ಎಮೋಜಿ ಕಳಿಸುತ್ತಾರೆ. ಹುಡುಗನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸಮುವೇಲನ ಮೊದಲನೆಯ ಪುಸ್ತಕದ ಮೂರನೆಯ ಅಧ್ಯಾಯ ಸಂಡೇ ಸ್ಕೂಲಿನ ಮಕ್ಕಳಿಗೆಲ್ಲ ಬಾಯಿಪಾಠ. ಶೀಲೋವಿನ ಆಲಯದಲ್ಲಿ ಮಲಗಿದ್ದ ಹುಡುಗ ಸಮುವೇಲನನ್ನು ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಅವನು ಎದ್ದು ಮುದುಕ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ಎರಡು ಸಲ ಏಲಿ ಅವನನ್ನು ಹಿಂದಕ್ಕೆ ಕಳಿಸಿ ಮಲಗಿಕೋ ಎನ್ನುತ್ತಾನೆ. ಮೂರನೆಯ ಸಲವಷ್ಟೇ, ಕರೆಯುತ್ತಿರುವವನು ದೇವರು ಎಂದು ಅವನಿಗೆ ಹೊಳೆಯುತ್ತದೆ. ಈ ಕಥೆಯನ್ನು ನಾವು ಯಾವಾಗಲೂ ಹುಡುಗನಿಗೆ ಹೇಳುತ್ತೇವೆ. ಒಮ್ಮೆ ಏಲಿಯ ಜಾಗದಲ್ಲಿ ಕೂತು ಓದಬೇಕು. ಹಿರಿಯನಿಗೆ ಅರ್ಥವಾಗಲು ತಡವಾಯಿತು. ಅರ್ಥವಾದ ಮೇಲೆ ಹುಡುಗನ ಪರವಾಗಿ ಉತ್ತರಿಸಲು ಅವನು ತಾನೇ ಎದ್ದು ಹೋಗಲಿಲ್ಲ. ಹೇಗೆ ಕಿವಿಗೊಡಬೇಕೆಂದು ಹೇಳಿಕೊಟ್ಟು, ಹುಡುಗನನ್ನೇ ಮತ್ತೆ ಅವನು ಮಲಗಿದ್ದಲ್ಲಿಗೆ ಕಳಿಸಿದ.

ತಾಯ್ತಂದೆಯರಿಗೂ ಯುವಜನರ ನಡುವೆ ಸೇವೆ ಮಾಡುವವರಿಗೂ ಇರುವ ಕೆಲಸ ಇಷ್ಟೇ. ಅದನ್ನು ಮನೆಯಲ್ಲಿ, ಸಂಘದಲ್ಲಿ, ಕ್ಯಾಂಪಿನಲ್ಲಿ ಮಾಡುವ ಬಗೆ ಹೇಗೆ ಎಂದು ನೋಡೋಣ.

ಈ ವಯಸ್ಸಿನಲ್ಲಿ ಆಗುವುದೇನು?

ಹನ್ನೊಂದು ಹನ್ನೆರಡರ ಹೊತ್ತಿಗೆ ಮಕ್ಕಳು ಕಣ್ಣಿಗೆ ಕಾಣದ್ದನ್ನು ತರ್ಕದಿಂದ ಅಳೆಯತೊಡಗುತ್ತಾರೆ. "ನೋಹನ ನಾವೆಯಲ್ಲಿ ಆನೆ ಇತ್ತಾ?" ಎಂದು ಕೇಳುತ್ತಿದ್ದವಳು, "ಮುಳುಗಿದವರಲ್ಲಿ ಚಿಕ್ಕ ಮಕ್ಕಳೂ ಇದ್ದರಲ್ಲ?" ಎಂದು ಕೇಳತೊಡಗುತ್ತಾಳೆ. ಇದರಲ್ಲಿ ಭಕ್ತಿ ಕುಗ್ಗಿದ್ದೇನೂ ಇಲ್ಲ, ಬುದ್ಧಿ ಬಲಿತಿದೆ ಅಷ್ಟೆ.

ವಿಶ್ವಾಸದ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿ ಜೇಮ್ಸ್ ಫೌಲರ್ ಎಂಬ ವಿದ್ವಾಂಸ 1981ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಹೇಳುವಂತೆ ಹದಿಹರೆಯದವರ ನಂಬಿಕೆ ಬಹುಮಟ್ಟಿಗೆ ತಮ್ಮ ಗುಂಪಿನ ನಂಬಿಕೆ. ತಮಗೆ ಬೇಕಾದವರು ನಂಬಿದ್ದನ್ನು ಅವರೂ ನಂಬುತ್ತಾರೆ. ಅದನ್ನು ಎದುರಿಗಿಟ್ಟು ಪರೀಕ್ಷಿಸಿ, ತನ್ನದೆಂದು ಒಪ್ಪುವುದೋ ಬಿಡುವುದೋ ಎಂಬುದು ಆಮೇಲಿನ ಮಾತು. ಯುವಜನ ಸಂಘದ ನಾಯಕರು ಇದನ್ನು ನೆನಪಿಡಬೇಕು. ಗಿಟಾರ್ ಹಿಡಿದು ಎಲ್ಲರಿಗಿಂತ ಜೋರಾಗಿ ಹಾಡುವ ಹುಡುಗಿಗೆ ಹಾಡಿಗಿಂತ ಜೊತೆಗಾರರೇ ಮುಖ್ಯವಾಗಿರಬಹುದು. ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತು ಎಲ್ಲಕ್ಕೂ "ಯಾಕೆ?" ಎನ್ನುವ ಹುಡುಗ ಅವಳಿಗಿಂತ ಒಂದು ಹೆಜ್ಜೆ ಮುಂದಿರಬಹುದು. ಮೊದಲನೆಯವಳಿಗೆ ಬಹುಮಾನ, ಎರಡನೆಯವನಿಗೆ ಬುದ್ಧಿವಾದ ಎಂಬುದು ನಮ್ಮ ರೂಢಿ. ಬಹುಮಾನ ಕೊಡುವ ಮೊದಲೂ ಬುದ್ಧಿ ಹೇಳುವ ಮೊದಲೂ ಇಬ್ಬರ ಪಕ್ಕದಲ್ಲೂ ಸ್ವಲ್ಪ ಹೊತ್ತು ಕೂತು ಬರಬೇಕು.

ಮನೆ ಮೊದಲ ಪಾಠಶಾಲೆ

ಕ್ರಿಸ್ಟಿಯನ್ ಸ್ಮಿತ್ ಮತ್ತು ಮೆಲಿಂಡಾ ಲಂಡ್‌ಕ್ವಿಸ್ಟ್ ಡೆಂಟನ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಮಾತಾಡಿಸಿ 2005ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಅವರಿಗೆ ಎರಡು ಸಂಗತಿ ಎದ್ದು ಕಂಡವು. ಮಕ್ಕಳ ಧಾರ್ಮಿಕ ಬದುಕನ್ನು ತಿದ್ದುವುದರಲ್ಲಿ ತಾಯ್ತಂದೆಯರ ಪ್ರಭಾವಕ್ಕೆ ಸಾಟಿಯಿಲ್ಲ ಎಂಬುದು ಒಂದು. ಚರ್ಚಿಗೆ ಹೋಗುವ ಮಕ್ಕಳಲ್ಲೂ ಹೆಚ್ಚಿನವರಿಗೆ ತಾವು ನಂಬಿದ್ದೇನೆಂದು ಸ್ವಂತ ಮಾತಿನಲ್ಲಿ ಹೇಳಲು ಬರುವುದಿಲ್ಲ ಎಂಬುದು ಇನ್ನೊಂದು. ಅಮೆರಿಕದ ಮನೆಗಳೇ ಬೇರೆ, ನಮ್ಮವೇ ಬೇರೆ. ಆದರೂ ಎರಡನೆಯ ಮಾತು ನಮಗೂ ತಟ್ಟುತ್ತದೆ. ಕಲಿತ ವಾಕ್ಯ ಒಪ್ಪಿಸುವುದು ನಮ್ಮ ಮಕ್ಕಳಿಗೂ ಗೊತ್ತು. "ಪ್ರಾರ್ಥನೆ ಮಾಡುವಾಗ ನಿನಗೆ ಏನನ್ನಿಸುತ್ತದೆ?" ಎಂದು ನಾವು ಕೇಳಿದ್ದೇ ಇಲ್ಲವಾದ್ದರಿಂದ ಹೇಳಿ ರೂಢಿಯಿಲ್ಲ.

ದೇವರ ಮಾತನ್ನು ಮಕ್ಕಳಿಗೆ ಯಾವಾಗ ಹೇಳಬೇಕೆಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ತಿಳಿಸುತ್ತದೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಇವುಗಳಲ್ಲಿ ಎದುರುಬದುರು ಕೂರಿಸಿಕೊಂಡು ಪಾಠ ಮಾಡುವ ಹೊತ್ತು ಒಂದೂ ಇಲ್ಲ. ಹದಿನೈದರ ಮಗ ಮುಖ ನೋಡಿಕೊಂಡು ಮಾತಾಡಲು ಹಿಂಜರಿಯುತ್ತಾನೆ, ಸ್ಕೂಟರಿನ ಹಿಂದೆ ಕೂತಾಗ ಮನಸ್ಸು ಬಿಚ್ಚುತ್ತಾನೆ. ಟ್ಯೂಷನ್ನಿಗೆ ಬಿಟ್ಟುಬರುವ ಹತ್ತು ನಿಮಿಷ, ಸೊಪ್ಪು ಬಿಡಿಸುವ ಕಾಲು ಗಂಟೆ, ಕರೆಂಟ್ ಹೋದ ಸಂಜೆ ಇವೇ ನಮ್ಮ ಕಾಲದ ದಾರಿ, ಮನೆ, ಮಲಗುವ ಹೊತ್ತು.

ಕುಟುಂಬ ಪ್ರಾರ್ಥನೆಯನ್ನು ಉಳಿಸಿಕೊಳ್ಳಬೇಕಾದರೆ ಅದು ಚಿಕ್ಕದಾಗಿರಲಿ. ಹತ್ತು ನಿಮಿಷ ಸಾಕು. ಇವತ್ತು ಯಾವ ಭಾಗ ಓದಬೇಕು, ಯಾವ ಹಾಡು ಹೇಳಬೇಕು ಎಂಬುದನ್ನು ವಾರಕ್ಕೆ ಎರಡು ದಿನ ಮಕ್ಕಳೇ ಆರಿಸಲಿ. ಓದಿದ ಮೇಲೆ ಅಪ್ಪನ ಪ್ರಸಂಗ ಬೇಡ. "ಇದರಲ್ಲಿ ನಿನಗೆ ಹಿಡಿಸಿದ್ದು ಏನು, ಹಿಡಿಸದ್ದು ಏನು?" ಎಂಬ ಒಂದು ಪ್ರಶ್ನೆ ಸಾಕು. ಹಿಡಿಸದ್ದನ್ನು ಹೇಳಿದಾಗ ಹುಬ್ಬೇರಿಸಬೇಡಿ.

ಇನ್ನೊಂದು ಅಭ್ಯಾಸವನ್ನು ಇವತ್ತೇ ಬಿಡಬಹುದು. ಕಣ್ಣು ಮುಚ್ಚಿಕೊಂಡು, "ಕರ್ತನೇ, ಈ ಹುಡುಗಿಗೆ ಒಳ್ಳೆ ಬುದ್ಧಿ ಕೊಡು, ಆ ಮೊಬೈಲಿನ ಹುಚ್ಚು ಬಿಡಿಸು, ಗಣಿತದಲ್ಲಿ ಮಾರ್ಕ್ಸ್ ಬರಲಿ" ಎಂದು ಮಗಳಿಗೆ ಕೇಳಿಸುವಂತೆ ಮೊರೆಯಿಡುವುದು. ಅದು ದೇವರ ವಿಳಾಸ ಬರೆದು ಮಗಳ ಬಾಗಿಲಿಗೆ ಹಾಕಿದ ಬೈಗುಳ. ಅವಳಿಗೆ ಅದು ತಿಳಿಯುತ್ತದೆ, ಮರುದಿನದಿಂದ ಪ್ರಾರ್ಥನೆಯ ಹೊತ್ತಿಗೆ ಅವಳಿಗೆ ತಲೆನೋವು ಬರುತ್ತದೆ. ಅದರ ಬದಲು, "ನಿನ್ನೆ ನಾನು ಕೂಗಾಡಿದ್ದು ತಪ್ಪು, ಕ್ಷಮಿಸು ಮಗಳೇ" ಎಂದು ಅಪ್ಪ ಅವಳಿಗೇ ನೇರವಾಗಿ ಹೇಳಿ, ಆಮೇಲೆ ಪ್ರಾರ್ಥಿಸಲಿ. ಕ್ಷಮೆಯ ಬಗ್ಗೆ ಹತ್ತು ಪ್ರಸಂಗ ಕಲಿಸಲಾರದ್ದನ್ನು ಆ ಒಂದು ಮಾತು ಕಲಿಸುತ್ತದೆ.

ನಾವು ಬಾಯಿಬಿಟ್ಟು ಕಲಿಸದ ಪಾಠಗಳನ್ನೂ ಮಕ್ಕಳು ಕಲಿಯುತ್ತಾರೆ. ಎಸ್ಸೆಸ್ಸೆಲ್ಸಿ ವರ್ಷ ಬಂತೆಂದು ಆರಾಧನೆ ಬಿಡಿಸಿ ಭಾನುವಾರದ ಟ್ಯೂಷನ್ನಿಗೆ ಕಳಿಸಿದರೆ, ಯಾವುದು ಮುಖ್ಯ ಎಂಬ ಪಾಠ ಆಯಿತು. ಮುಂದೆ ಇಂಜಿನಿಯರಿಂಗ್ ಸೇರಿದವನು ಚರ್ಚಿಗೆ ಹೋಗುವುದಿಲ್ಲ ಎಂದು ಅತ್ತು ಫಲವಿಲ್ಲ. ಆರಾಧನೆ ಮುಗಿಸಿ ಬಂದು ಊಟಕ್ಕೆ ಕೂತಾಗ ಅಯ್ಯನವರ ಪ್ರಸಂಗದ ಲೇವಡಿ, ಸಭಾ ಕಮಿಟಿ ಚುನಾವಣೆಯ ಒಳರಾಜಕೀಯ, ಯಾರ ಮದುವೆಗೆ ಯಾರನ್ನು ಕರೆಯಲಿಲ್ಲ ಎಂಬ ಲೆಕ್ಕ ಇವುಗಳನ್ನೇ ಬಡಿಸಿದರೆ ಅದೂ ಪಾಠವೇ. ತಿಮೊಥೆಯನ ವಿಶ್ವಾಸದ ಬೇರನ್ನು ಪೌಲನು ಅವನ ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯಲ್ಲಿ ಕಾಣುತ್ತಾನೆ. ಅಡುಗೆಮನೆಯ ಮಾತಿಗೆ ಅಷ್ಟು ಬಲವಿದೆ, ಎರಡೂ ಕಡೆಗೆ.

ಪ್ರಶ್ನೆ ಬಂದಾಗ

ಹದಿಹರೆಯದವರ ಪ್ರಶ್ನೆಗಳು ಹೆಚ್ಚುಕಮ್ಮಿ ಮೂರು ದಿಕ್ಕಿನಿಂದ ಬರುತ್ತವೆ.

ಒಂದು, ನೋವಿನಿಂದ. "ಅಷ್ಟು ಪ್ರಾರ್ಥನೆ ಮಾಡಿದೆ, ಅಜ್ಜಿ ಬದುಕಲಿಲ್ಲ." ಇಲ್ಲಿ ವಿವರಣೆ ಬೇಡ. "ದೇವರ ಚಿತ್ತ" ಎಂಬ ಮಾತನ್ನು ಮೊದಲ ದಿನವೇ ಆಡಿದರೆ ಮಗುವಿಗೆ ಬಾಗಿಲು ಮುಚ್ಚಿದಂತಾಗುತ್ತದೆ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೊರೆ, ಅಳಲು, ದೂರು. 88ನೆಯ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಮಗುವಿನ ಜೊತೆ ಓದಿ, ಸುಮ್ಮನೆ ಕೂತುಕೊಳ್ಳಿ. ದೇವರ ಮೇಲೆ ಸಿಟ್ಟು ಮಾಡಿಕೊಂಡವರ ಪ್ರಾರ್ಥನೆಗೂ ಬೈಬಲಿನಲ್ಲಿ ಜಾಗವಿದೆ ಎಂದು ತಿಳಿದರೆ, ಸಿಟ್ಟು ಬಂದವನು ಮನೆ ಬಿಟ್ಟು ಹೋಗಬೇಕಾಗಿಲ್ಲ.

ಎರಡು, ತರಗತಿಯಿಂದ. ವಿಕಾಸವಾದದ ಪಾಠ ಕೇಳಿ ಬಂದ ಪಿಯುಸಿ ಹುಡುಗಿ ಆದಿಕಾಂಡದ ಆರು ದಿನಗಳ ಬಗ್ಗೆ ಕೇಳುತ್ತಾಳೆ. "ಅದೆಲ್ಲ ಸುಳ್ಳು, ಪರೀಕ್ಷೆಗೆ ಮಾತ್ರ ಓದು" ಎಂದರೆ ಅವಳ ಮುಂದೆ ಎರಡೇ ದಾರಿ ಉಳಿಯುತ್ತವೆ: ಟೀಚರನ್ನು ನಂಬಬೇಕು ಅಥವಾ ನಿಮ್ಮನ್ನು. ಅವಳ ಜೀವಶಾಸ್ತ್ರದ ಪುಸ್ತಕವನ್ನೇ ತೆಗೆಯಿರಿ. ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಹಿಡಿದು 1866ರಲ್ಲಿ ಪ್ರಕಟಿಸಿದ ಗ್ರೆಗರ್ ಮೆಂಡೆಲ್ ಆಗಸ್ಟಿನಿಯನ್ ಮಠದ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಪ್ರತಿಪಾದಿಸಿದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಕಥೋಲಿಕ ಗುರು. ಆದಿಕಾಂಡವನ್ನು ಹೇಗೆ ಓದಬೇಕೆಂಬುದರಲ್ಲಿ ಕ್ರೈಸ್ತರಲ್ಲೇ ಹಲವು ಅಭಿಪ್ರಾಯಗಳಿವೆ. ನಿಮ್ಮದನ್ನು ಹೇಳಿ, ಬೇರೆಯವೂ ಉಂಟೆಂದು ಹೇಳಿ. ಗೊತ್ತಿಲ್ಲದಿದ್ದರೆ, "ನನಗೂ ಗೊತ್ತಿಲ್ಲಮ್ಮ, ಮುಂದಿನ ವಾರದೊಳಗೆ ಇಬ್ಬರೂ ಹುಡುಕೋಣ" ಎನ್ನಿ. ಮುಂದಿನ ವಾರ ಮರೆಯದಿರುವುದು ಮುಖ್ಯ.

ಮೂರು, ಗೆಳೆತನದಿಂದ. "ನನ್ನ ಫ್ರೆಂಡ್ ಫಾತಿಮಾ, ನನ್ನ ಫ್ರೆಂಡ್ ಸಂಗೀತಾ ನಮ್ಮ ಚರ್ಚಿನವರಿಗಿಂತ ಒಳ್ಳೆಯವರು." ನಮ್ಮ ಮಕ್ಕಳು ದಿನದ ಎಂಟು ಗಂಟೆ ಬೇರೆ ಮತದ ಗೆಳೆಯರೊಂದಿಗೆ ಡಬ್ಬಿ ಹಂಚಿಕೊಂಡು ಬೆಳೆಯುವವರು. ಅವರ ದೇವರನ್ನು ಹೀಯಾಳಿಸಿ ನಮ್ಮ ದೇವರನ್ನು ಎತ್ತರಿಸಲು ಹೋದರೆ ಮಕ್ಕಳು ನಾಚಿಕೊಳ್ಳುತ್ತಾರೆ, ನಮ್ಮ ಬಗ್ಗೆ. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಯೇಸು ಯಾರನ್ನು ಮಾದರಿಯಾಗಿ ನಿಲ್ಲಿಸಿದನೆಂದು ಅವರೊಡನೆ ಓದಿ. ತನ್ನ ವಿಶ್ವಾಸವನ್ನು ಸಂಕೋಚವಿಲ್ಲದೆ ಹೇಳುವುದು, ಇನ್ನೊಬ್ಬರದನ್ನು ಗೌರವದಿಂದ ಕೇಳುವುದು ಎರಡನ್ನೂ ಒಟ್ಟಿಗೇ ಕಲಿಯಬಹುದು.

ಯುವಜನ ಸಂಘ: ಕಾರ್ಯಕ್ರಮಕ್ಕಿಂತ ಕೂಟ

ಡಿಸೆಂಬರಿನಲ್ಲಿ ಕ್ಯಾರೋಲ್, ಬೇಸಿಗೆಯಲ್ಲಿ ರಜೆಯ ಬೈಬಲ್ ಶಾಲೆ (ವಿಬಿಎಸ್), ನಡುವೆ ಒಂದು ಬೈಬಲ್ ಕ್ವಿಜ್, ಒಂದು ಟ್ಯಾಲೆಂಟ್ ಡೇ. ಇವು ಬೇಕು. ಆದರೆ ನಾಲ್ಕು ದೊಡ್ಡ ಕಾರ್ಯಕ್ರಮಕ್ಕಿಂತ ವಾರ ವಾರವೂ ತಪ್ಪದೆ ಸೇರುವ ಚಿಕ್ಕ ಕೂಟ ಹೆಚ್ಚು ಕೆಲಸ ಮಾಡುತ್ತದೆ. ಆರರಿಂದ ಎಂಟು ಮಂದಿ, ಇಬ್ಬರು ಹಿರಿಯರು. ಒಂದು ಗಂಟೆಯನ್ನು ಹೀಗೆ ಹಂಚಬಹುದು:

1. ಮೊದಲ ಹತ್ತು ನಿಮಿಷ ಚಹಾ, ಹರಟೆ. ವಾರದಲ್ಲಿ ಒಳ್ಳೆಯದು ಏನಾಯಿತು, ಕೆಟ್ಟದ್ದು ಏನಾಯಿತು ಎಂದು ಪ್ರತಿಯೊಬ್ಬರೂ ಒಂದೊಂದು ಹೇಳಲಿ.
2. ಹತ್ತು ನಿಮಿಷ ಓದು. ಸುವಾರ್ತೆಯ ಒಂದು ಘಟನೆ ಸಾಕು. ಎರಡು ಸಲ, ಎರಡು ಕಂಠಗಳಲ್ಲಿ ಓದಿಸಿ.
3. ಇಪ್ಪತ್ತೈದು ನಿಮಿಷ ಮಾತು. ಹೌದು ಅಥವಾ ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. "ಪೇತ್ರನ ಜಾಗದಲ್ಲಿ ನೀನಿದ್ದರೆ?" ಎಂಬಂಥದ್ದು ಇರಲಿ. ಪ್ರಶ್ನೆ ಕೇಳಿದ ಮೇಲೆ ಮೌನಕ್ಕೆ ಹೆದರಿ ನೀವೇ ಉತ್ತರಿಸಬೇಡಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ.
4. ಐದು ನಿಮಿಷ ಚೀಟಿ. ಹೆಸರು ಹಾಕದೆ ಪ್ರಶ್ನೆ ಬರೆದು ಡಬ್ಬಿಗೆ ಹಾಕಲಿ. ಮುಂದಿನ ವಾರದ ವಿಷಯ ಅದರಿಂದಲೇ ಸಿಗುತ್ತದೆ.
5. ಕೊನೆಯ ಹತ್ತು ನಿಮಿಷ ಪ್ರಾರ್ಥನೆ. ಜೋರಾಗಿ ಪ್ರಾರ್ಥಿಸಬೇಕೆಂದು ಯಾರನ್ನೂ ಒತ್ತಾಯಿಸಬೇಡಿ. ಪಕ್ಕದವರಿಗಾಗಿ ಒಂದು ವಾಕ್ಯ ಸಾಕು, ಮೌನವಾದರೂ ಸರಿ.

ಹುಡುಗರನ್ನು ರಂಜಿಸುವುದಕ್ಕಿಂತ ನೆಚ್ಚಿಕೊಳ್ಳುವುದು ಅವರನ್ನು ಹೆಚ್ಚು ಕಟ್ಟಿಹಾಕುತ್ತದೆ. ಕುರ್ಚಿ ಜೋಡಿಸುವ ಕೆಲಸ ಮಾತ್ರ ಕೊಟ್ಟು "ನೀವೇ ಸಭೆಯ ಭವಿಷ್ಯ" ಎಂದರೆ ಅವರು ನಗುತ್ತಾರೆ. ಆರಾಧನೆಯಲ್ಲಿ ಪಾಠ ಓದುವುದು, ಸೌಂಡ್ ಸಿಸ್ಟಮ್ ನೋಡಿಕೊಳ್ಳುವುದು, ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೆ ಕಥೆ ಹೇಳುವುದು, ಯುವಜನರ ಹಣದ ಲೆಕ್ಕ ಬರೆದು ಸಭೆಯ ಮುಂದೆ ಒಪ್ಪಿಸುವುದು ಇವನ್ನೆಲ್ಲ ಅವರಿಗೆ ಬಿಡಿ. ಮೊದಮೊದಲು ತಪ್ಪಾಗುತ್ತದೆ. ಆಗಲಿ. ಕ್ಯಾರೋಲ್ ತಂಡ ಹೊರಟಾಗ ಕೇಕು ಕಾಫಿ ಸಿಗುವ ಮನೆಗಳಿಗೆ ಮೊದಲು ಹೋಗುವುದು ವಾಡಿಕೆ. ಈ ಸಲ ಹಾಸಿಗೆ ಹಿಡಿದವರ ಮನೆಯಿಂದ ಶುರುಮಾಡಿ, ಜನವರಿಯಲ್ಲಿ ಮತ್ತೊಮ್ಮೆ ಅದೇ ಮನೆಗೆ ಹಾಡಿಲ್ಲದೆ ಹೋಗಿ ಬನ್ನಿ. ಆ ಎರಡನೆಯ ಭೇಟಿಯಲ್ಲಿ ಹುಡುಗರು ಕಲಿಯುವುದು ಯಾವ ಪಠ್ಯದಲ್ಲೂ ಇಲ್ಲ.

ಯಾವ ಕನ್ನಡದಲ್ಲಿ?

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ವರ್ಷಗಟ್ಟಲೆ ದುಡಿದು 1831ರಲ್ಲಿ ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದರು. ಇಲ್ಲಿನ ಜನ ತಮ್ಮ ಮಾತಿನಲ್ಲೇ ಓದಲಿ ಎಂಬುದು ಉದ್ದೇಶ. ಇವತ್ತು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದುವ ಮಗಳಿಗೆ "ನೀತಿವಂತ", "ಪ್ರಾಯಶ್ಚಿತ್ತ", "ಅಭಿಷೇಕ" ಎಂಬ ಪದಗಳು ಕಿವಿಗೆ ಬಿದ್ದು ಜಾರಿಹೋಗುತ್ತವೆ. ಕನ್ನಡ ಆರಾಧನೆ ಅಜ್ಜಿಯದು, ಇಂಗ್ಲಿಷ್ ಆರಾಧನೆ ತನ್ನದು ಎಂದು ಮನೆಯೊಳಗೇ ಗೆರೆ ಬೀಳುತ್ತದೆ. ಮಗಳನ್ನು ಬೈದರೆ ಗೆರೆ ಅಳಿಯದು.

ಹೀಗೊಂದು ಮಾಡಿ ನೋಡಿ. ತಪ್ಪಿಹೋದ ಮಗನ ಸಾಮ್ಯವನ್ನು ಲೂಕನ ಹದಿನೈದನೆಯ ಅಧ್ಯಾಯದಲ್ಲಿ ಓದಿ, ತಮ್ಮ ತಮ್ಮ ಮನೆಮಾತಿನಲ್ಲಿ ಮತ್ತೆ ಹೇಳಲು ಹುಡುಗರಿಗೆ ಬಿಡಿ. ಧಾರವಾಡದ ಹುಡುಗ "ಯಪ್ಪಾ, ನನ್ ಪಾಲಿಂದ ನನಗ ಕೊಟ್ಬಿಡು" ಎಂದು ಶುರುಮಾಡುತ್ತಾನೆ. ಮಂಗಳೂರಿನವಳು ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳುತ್ತಾಳೆ. ಬೆಂಗಳೂರಿನವನು ಅರ್ಧ ಇಂಗ್ಲಿಷ್ ಬೆರೆಸುತ್ತಾನೆ, ಬೆರೆಸಲಿ. ಮಗ ದೂರದಲ್ಲಿ ಕಂಡೊಡನೆ ಓಡಿಬರುವ ಅಪ್ಪನ ಭಾಗ ಬಂದಾಗ ಕೇಳಿ: ನಮ್ಮೂರಿನ ಗೌಡರೊಬ್ಬರು ಪಂಚೆ ಎತ್ತಿ ಕಟ್ಟಿ ನಡುಬೀದಿಯಲ್ಲಿ ಓಡಿದರೆ ಜನ ಏನಂದಾರು? ಆಗ ಆ ಅಪ್ಪ ಏನನ್ನು ಕಳೆದುಕೊಂಡು ಓಡಿದ ಎಂದು ಅವರಿಗೇ ಹೊಳೆಯುತ್ತದೆ. ಕಥೆ ಅವರದಾಗುತ್ತದೆ. ಅಲ್ಲಿಂದ ಹಳೆಯ ಕನ್ನಡದ ಪಾಠಕ್ಕೆ ಮರಳುವುದು ಸುಲಭ.

ಮೊಬೈಲಿನ ಪ್ರಸಂಗಕಾರರು

ಮೊಬೈಲ್ ಕಸಿದುಕೊಂಡರೆ ಮಕ್ಕಳು ಕದ್ದುಮುಚ್ಚಿ ನೋಡುತ್ತಾರೆ. ಅದಕ್ಕಿಂತ ಜೊತೆಗೆ ನೋಡಿ. "ಹಂಚಿಕೊಂಡರೆ ಆಶೀರ್ವಾದ, ಇಲ್ಲವಾದರೆ ಕೇಡು" ಎನ್ನುವ ರೀಲು, ಕಾಣಿಕೆ ಕಳಿಸಿದರೆ ನೂರುಪಟ್ಟು ಎನ್ನುವ ಬೋಧಕ ಇವನ್ನು ಎದುರಿಗಿಟ್ಟು ಮೂರು ಪ್ರಶ್ನೆ ಕೇಳಲು ಕಲಿಸಿ: ಇವರು ಹೆದರಿಸುತ್ತಿದ್ದಾರಾ? ದುಡ್ಡು ಕೇಳುತ್ತಿದ್ದಾರಾ? ಹೇಳಿದ ವಾಕ್ಯದ ಹಿಂದೆಮುಂದೆ ಬೈಬಲಿನಲ್ಲಿ ಏನಿದೆ? ಇನ್ನೊಂದು ಮುಖವೂ ಉಂಟು. ಇಟಲಿಯ ಕಾರ್ಲೊ ಅಕುಟಿಸ್ ಹದಿನೈದು ವರ್ಷಕ್ಕೇ, 2006ರಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ. ಕಂಪ್ಯೂಟರಿನ ಜಾಣ್ಮೆಯನ್ನು ಪರಮಪ್ರಸಾದದ ಅದ್ಭುತಗಳ ವಿವರ ಜೋಡಿಸಿ ಜಾಲತಾಣದಲ್ಲಿಡಲು ಬಳಸಿದ್ದ. ಜೀನ್ಸ್ ತೊಟ್ಟ ಆ ಹುಡುಗನನ್ನು ಕಥೋಲಿಕ ಸಭೆ 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿಸಿತು.

ಸುರಕ್ಷತೆಯಲ್ಲಿ ರಾಜಿ ಬೇಡ

ಮಕ್ಕಳ ನಡುವಿನ ಸೇವೆಗೆ ಒಳ್ಳೆಯ ಮನಸ್ಸೊಂದೇ ಸಾಲದು. ಯಾವ ಹಿರಿಯರೂ ಒಂಟಿ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಕ್ಯಾಂಪಿಗೆ ಹುಡುಗ ಹುಡುಗಿಯರಿಗೆ ಬೇರೆ ಬೇರೆ ವಸತಿ, ಮಹಿಳಾ ಮೇಲ್ವಿಚಾರಕರು, ತಾಯ್ತಂದೆಯರ ಲಿಖಿತ ಒಪ್ಪಿಗೆ, ಔಷಧಿ ಅಲರ್ಜಿಗಳ ವಿವರ ಇರಲೇಬೇಕು. ಬೇರೆ ಮತದ ಮನೆಯ ಮಗು ಗೆಳೆಯರೊಂದಿಗೆ ಬಂದರೆ, ಅಲ್ಲಿ ಏನು ನಡೆಯುತ್ತದೆಂದು ಆ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಹದಿನೆಂಟರೊಳಗಿನ ಮಗುವಿಗೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಮರ್ಯಾದೆ ಎಂದು ಮುಚ್ಚಿಹಾಕುವುದು ಪಾಪವೂ ಹೌದು, ಅಪರಾಧವೂ ಹೌದು. ಮಕ್ಕಳ ಸಹಾಯವಾಣಿ 1098. ಆದ್ದರಿಂದ "ಯಾರಿಗೂ ಹೇಳಬೇಡಿ ಅಣ್ಣ" ಎಂದು ಮಗು ಬಂದಾಗ ಪ್ರಮಾಣ ಮಾಡಬೇಡಿ. "ನಿನಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತದೆ, ಆಗಲೂ ನಾನು ನಿನ್ನ ಜೊತೆಗಿರುತ್ತೇನೆ" ಎನ್ನಿ.

ನಿದ್ದೆ, ಊಟ, ಗೆಳೆಯರು ಯಾವುದೂ ಬೇಡವೆಂದು ವಾರಗಟ್ಟಲೆ ಮುದುಡಿ ಕೂತ ಮಗುವಿಗೆ "ನಿನ್ನ ವಿಶ್ವಾಸ ಕಮ್ಮಿ" ಎನ್ನುವುದು ಗಾಯಕ್ಕೆ ಉಪ್ಪು. ಜ್ವರಕ್ಕೆ ಪ್ರಾರ್ಥನೆಯನ್ನೂ ಮಾಡುತ್ತೇವೆ, ಡಾಕ್ಟರನ್ನೂ ನೋಡುತ್ತೇವೆ. ಮನಸ್ಸಿನ ಕಾಯಿಲೆಗೂ ಅದೇ ಕ್ರಮ. ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ.

ಹಾಸ್ಟೆಲಿಗೆ ಹೊರಟಾಗ

ಪಿಯುಸಿಗೋ ನರ್ಸಿಂಗಿಗೋ ಮನೆ ಬಿಡುವ ಮಗುವಿಗೆ ಉಪ್ಪಿನಕಾಯಿ, ಚಕ್ಕುಲಿ ಕಟ್ಟಿಕೊಡುವಷ್ಟೇ ಜತನದಿಂದ ಇದನ್ನೂ ಕಟ್ಟಿಕೊಡಿ. ಹೊರಡುವ ಮೊದಲೇ ಆ ಊರಿನ ಸಭೆಯೊಂದನ್ನು ಗೊತ್ತುಮಾಡಿ, ಮೊದಲ ಭಾನುವಾರ ಜೊತೆಗೆ ಹೋಗಿ, ಊಟಕ್ಕೆ ಕರೆಯಬಲ್ಲ ಒಂದು ಮನೆಯ ಪರಿಚಯ ಮಾಡಿಸಿ. ಫೋನಿನಲ್ಲಿ "ಚರ್ಚಿಗೆ ಹೋದ್ಯಾ?" ಎಂಬುದು ಹಾಜರಿ ಪುಸ್ತಕದ ಪ್ರಶ್ನೆ. ಅದಕ್ಕೆ "ಹ್ಞೂಂ" ಎಂಬ ಸುಳ್ಳು ಸಿದ್ಧವಾಗಿರುತ್ತದೆ. "ಈ ವಾರ ಯಾವುದಕ್ಕೆ ಪ್ರಾರ್ಥನೆ ಮಾಡಲಿ, ಹೇಳು" ಎಂದು ಕೇಳಿದರೆ ನಿಜ ಹೊರಬರುತ್ತದೆ. ಸಂಘದ ನಾಯಕರು ತಿಂಗಳಿಗೊಮ್ಮೆ ಫೋನ್ ಮಾಡಲಿ, ಆ ದಾರಿಯಲ್ಲಿ ಹೋದಾಗ ಹಾಸ್ಟೆಲ್ ಗೇಟಿನ ಬಳಿ ಒಂದು ಚಹಾ ಕುಡಿಸಿ ಬರಲಿ.

ಇಷ್ಟೆಲ್ಲ ಮಾಡಿಯೂ ಒಬ್ಬ ಮಗ, ಒಬ್ಬಳು ಮಗಳು ಬೆನ್ನು ತಿರುಗಿಸಬಹುದು. ಏಲಿಯ ಸ್ವಂತ ಮಕ್ಕಳಿಬ್ಬರೂ ದಾರಿ ತಪ್ಪಿದ್ದರು. ಕಣ್ಣು ಮಂಜಾದ, ಮನೆಯನ್ನೇ ಸರಿಯಾಗಿ ನಡೆಸಲಾಗದ ಮುದುಕನೊಬ್ಬ ಇನ್ನೊಬ್ಬರ ಮಗುವಿಗೆ ಕಿವಿಗೊಡುವುದನ್ನು ಕಲಿಸಿದ ಎಂಬುದು ಸೋತೆವೆಂದು ಕೊರಗುವ ಹೆತ್ತವರಿಗೂ, ಅರ್ಹತೆಯಿಲ್ಲವೆಂದು ಅಂಜುವ ಸಂಡೇ ಸ್ಕೂಲ್ ಟೀಚರಿಗೂ ಧೈರ್ಯ ಕೊಡುವ ಮಾತು.

ಆ ಕಥೆಯ ಕೊನೆಯನ್ನು ಮಾತ್ರ ನಾವು ಮಕ್ಕಳಿಗೆ ಅಷ್ಟಾಗಿ ಹೇಳುವುದಿಲ್ಲ. ಬೆಳಗಾಯಿತು, ಸಮುವೇಲ ಆಲಯದ ಬಾಗಿಲುಗಳನ್ನು ತೆರೆದ. ರಾತ್ರಿ ಕೇಳಿದ್ದನ್ನು ಹೇಳಲು ಅವನಿಗೆ ಭಯ. ಏಕೆಂದರೆ ಹುಡುಗನ ಕಿವಿಗೆ ಬಿದ್ದ ಮೊದಲ ದೈವವಾಣಿ ಏಲಿಯ ಮನೆಯ ತಪ್ಪುಗಳ ಬಗ್ಗೆಯೇ ಆಗಿತ್ತು. ಏಲಿ ಅವನನ್ನು ಮಗನೇ ಎಂದು ಕರೆದು, ಏನನ್ನೂ ಮುಚ್ಚಿಡಬೇಡ ಎಂದ. ಹುಡುಗ ಎಲ್ಲವನ್ನೂ ಹೇಳಿದ. ಮುದುಕ ಗದರಲಿಲ್ಲ, ನಿನಗೇನು ಗೊತ್ತು ಎನ್ನಲಿಲ್ಲ. ಅದು ದೇವರ ಮಾತೆಂದು ಒಪ್ಪಿಕೊಂಡ.

ನಮ್ಮ ಮಕ್ಕಳು ನಿಜವಾಗಿ ಕಿವಿಗೊಡಲು ಕಲಿತ ದಿನ, ಅವರು ಮೊದಲು ಹೇಳುವ ಮಾತು ನಮ್ಮ ಸಭೆಯ ಜಗಳದ ಬಗ್ಗೆಯೋ ನಮ್ಮ ಮನೆಯ ಸೋಗಿನ ಬಗ್ಗೆಯೋ ಇರಬಹುದು. ಭಾನುವಾರ ಬೆಳಿಗ್ಗೆ ಹೊದಿಕೆ ಎಳೆದುಕೊಂಡು ಮಲಗಿದ ಹುಡುಗನ ಪಕ್ಕದಲ್ಲಿ ಕೂತು, "ಏನನ್ನೂ ಮುಚ್ಚಿಡಬೇಡ, ಹೇಳು ಮಗನೇ" ಎಂದು ಕೇಳುವವರು ಆ ಉತ್ತರಕ್ಕೂ ಸಿದ್ಧವಾಗಿರಬೇಕು.